ಮೂರನೇ ಪಾಲು ಯಾರ ಮನೆಗೆ? ಬಕ್ರೀದ್ ಕುರ್ಬಾನಿಯ ಲೆಕ್ಕ, ಸರಳವಾಗಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಬಕ್ರೀದ್ ಹತ್ತಿರ ಬಂತು ಅಂದ್ರೆ ನನಗೆ ಎರಡು ಥರದ ಮೆಸೇಜ್ ಬರುತ್ತೆ. ಮುಸ್ಲಿಮೇತರ ಗೆಳೆಯರು ಕೇಳೋದು: "ಅಷ್ಟೊಂದು ಕುರಿ ಕಡೀತಾರಲ್ಲ, ಆ ಮಾಂಸ ಎಲ್ಲ ಎಲ್ಲಿಗೆ ಹೋಗುತ್ತೆ?" ನಮ್ಮ ಓಣಿಯ ಹುಡುಗರು, ಅದರಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿ ಮೊದಲ ಸಲ ಸ್ವಂತ ದುಡ್ಡಲ್ಲಿ ಕುರ್ಬಾನಿ ಕೊಡೋಕೆ ಹೊರಟವರು ಕೇಳೋದು: "ಕುರಿ ಬದಲು ಅದೇ ದುಡ್ಡನ್ನ ಬಡವರಿಗೆ ಕೊಟ್ಟರೆ ಆಗಲ್ವಾ?"

ಎರಡೂ ಒಳ್ಳೆಯ ಪ್ರಶ್ನೆಗಳೇ. ಇವತ್ತು ಎರಡಕ್ಕೂ ಉತ್ತರ ಹುಡುಕೋಣ. ನಾನು ಮೌಲಾನಾ ಅಲ್ಲ, ಫತ್ವಾ ಕೊಡೋಕೆ ಕೂತಿಲ್ಲ. ಕುರ್ಬಾನಿಯ ನಿಯಮ ಏನು, ಅದರ ಹಿಂದಿನ ಲೆಕ್ಕ ಏನು, ಬಡವರ ಪಾಲು ಅಂತ ತೆಗೆದಿಟ್ಟದ್ದು ನಿಜವಾಗಿ ಯಾರ ಮನೆಯ ಒಲೆ ಮೇಲೆ ಬೇಯುತ್ತೆ ಅನ್ನೋದನ್ನ ಬಿಡಿಸಿ ಹೇಳ್ತೀನಿ.

ಮೊದಲು, ಹಬ್ಬದ ಬಗ್ಗೆ ಎರಡು ಮಾತು

ಮುಸ್ಲಿಮರ ವರ್ಷದಲ್ಲಿ ದೊಡ್ಡ ಹಬ್ಬ ಎರಡು. ರಂಜಾನ್ ಉಪವಾಸ ಮುಗಿದ ಮೇಲೆ ಬರೋದು ಈದುಲ್ ಫಿತ್ರ್. ಹಜ್ ಯಾತ್ರೆಯ ಸಮಯಕ್ಕೆ ಬರೋದು ಈದುಲ್ ಅಜ್‌ಹಾ, ಅಂದ್ರೆ ನಮ್ಮ ಬಾಯಲ್ಲಿ ಬಕ್ರೀದ್. ಇಸ್ಲಾಮಿ ಕ್ಯಾಲೆಂಡರಿನ ಕೊನೆಯ ತಿಂಗಳು ಜುಲ್ ಹಿಜ್ಜಾದ 10ನೇ ದಿನ ಹಬ್ಬ. ಅದು ಚಂದ್ರನ ಲೆಕ್ಕವಾದ್ದರಿಂದ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ. 2024ರಲ್ಲಿ ಜೂನ್ 17ಕ್ಕೆ ಇತ್ತು, 2025ರಲ್ಲಿ ಜೂನ್ 7ಕ್ಕೆ ಬಂತು.

ಕಥೆ ನಿಮಗೆ ಗೊತ್ತಿರಬಹುದು. ಪ್ರವಾದಿ ಇಬ್ರಾಹೀಮರು ದೇವರ ಆಜ್ಞೆ ಅಂತ ತಮ್ಮ ಮಗನನ್ನೇ ಬಲಿ ಕೊಡೋಕೆ ಸಿದ್ಧರಾದರು. ಮಗನೂ ಒಪ್ಪಿದ. ಕೊನೆಯ ಗಳಿಗೆಯಲ್ಲಿ ಮಗ ಉಳಿದ, ಅವನ ಜಾಗಕ್ಕೆ ಟಗರು ಬಂತು. ಆ ನೆನಪಿಗೇ ಕುರ್ಬಾನಿ. ಕುರ್‌ಆನಿನ 22ನೇ ಅಧ್ಯಾಯದ ಹೆಸರೇ 'ಅಲ್ ಹಜ್'. ಪ್ರಾಣಿಯ ಮಾಂಸವಾಗಲಿ ರಕ್ತವಾಗಲಿ ದೇವರಿಗೆ ತಲುಪೋದಿಲ್ಲ, ಕೊಡುವವನ ಭಯಭಕ್ತಿ ಮಾತ್ರ ತಲುಪುತ್ತೆ ಅನ್ನೋ ಅರ್ಥದ ಮಾತು ಅಲ್ಲಿದೆ. ಮಾಂಸ ದೇವರಿಗೆ ಬೇಡ ಅಂದಮೇಲೆ ಅದು ಮನುಷ್ಯರಿಗೇ ಸೇರಬೇಕಾದ್ದು. ಹಂಚಿಕೆಯ ಪ್ರಶ್ನೆ ಶುರುವಾಗೋದೇ ಇಲ್ಲಿಂದ.

ಯಾರು ಕೊಡಬೇಕು?

ಎಲ್ಲರೂ ಕೊಡಲೇಬೇಕು ಅಂತಿಲ್ಲ. ಸಾಲ ಮಾಡಿ, ಒಡವೆ ಅಡ ಇಟ್ಟು ಕುರ್ಬಾನಿ ಕೊಡಿ ಅಂತ ಧರ್ಮ ಹೇಳೋದಿಲ್ಲ.

ನಮ್ಮ ರಾಜ್ಯದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥದವರು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಹನಫಿಗಳಲ್ಲಿ ಅನುಕೂಲ ಇದ್ದವರಿಗೆ ಕುರ್ಬಾನಿ ವಾಜಿಬ್, ಅಂದ್ರೆ ಬಿಡುವಂತಿಲ್ಲದ ಕರ್ತವ್ಯ. ಶಾಫಿಗಳಲ್ಲಿ ಅದು ಬಹಳ ಒತ್ತು ಕೊಟ್ಟು ಹೇಳಿದ ಸುನ್ನತ್. ಹನಫಿಗಳಲ್ಲಿ ಹಬ್ಬದ ದಿನದಿಂದ ಮೂರು ದಿನ ಕೊಡಬಹುದು, ಶಾಫಿಗಳಲ್ಲಿ ನಾಲ್ಕು ದಿನ.

ಅನುಕೂಲ ಇದ್ದವರು ಅಂದ್ರೆ ಯಾರು? ಅದಕ್ಕೊಂದು ಅಳತೆ ಇದೆ, ಅದರ ಹೆಸರು ನಿಸಾಬ್. ಹಳೆಯ ತೂಕದಲ್ಲಿ ಐವತ್ತೆರಡೂವರೆ ತೊಲ ಬೆಳ್ಳಿ, ಈಗಿನ ಲೆಕ್ಕದಲ್ಲಿ ಸುಮಾರು 612 ಗ್ರಾಂ. ಅಗತ್ಯ ಖರ್ಚು, ಸಾಲ ಎಲ್ಲ ಕಳೆದು ಅಷ್ಟು ಬೆಳ್ಳಿಯ ಬೆಲೆಯಷ್ಟು ಆಸ್ತಿ ಹಬ್ಬದ ದಿನಗಳಲ್ಲಿ ನಿಮ್ಮ ಕೈಲಿದ್ದರೆ ನಿಮ್ಮ ಮೇಲೆ ಕುರ್ಬಾನಿ ಬರುತ್ತೆ. ಲೆಕ್ಕ ಮನೆಗೆ ಒಂದು ಅಂತಲ್ಲ, ಒಬ್ಬೊಬ್ಬರದು ಬೇರೆ ಬೇರೆ. ಅಪ್ಪನ ಹತ್ತಿರ ಏನೂ ಇಲ್ಲದೆ ಮಗಳ ಹತ್ತಿರ ಚಿನ್ನ, ಉಳಿತಾಯ ಇದ್ದರೆ ಕುರ್ಬಾನಿ ಮಗಳ ಮೇಲೆ. ಶಾಫಿಗಳಲ್ಲಿ ಮನೆಯ ಒಬ್ಬರು ಕೊಟ್ಟರೆ ಮನೆಯವರೆಲ್ಲರ ಪರವಾಗಿ ಸುನ್ನತ್ ನೆರವೇರಿತು ಅಂತ ಎಣಿಸ್ತಾರೆ.

ಇಲ್ಲಿ ಬಹಳ ಜನ ಮೂರು ವಿಷಯ ಕಲಸಿಬಿಡ್ತಾರೆ, ಬಿಡಿಸಿ ಹೇಳ್ತೀನಿ.

ಜಕಾತ್: ನಿಸಾಬ್ ದಾಟಿದ ಸಂಪತ್ತು ಒಂದು ಚಾಂದ್ರಮಾನ ವರ್ಷ ಕೈಯಲ್ಲಿದ್ದರೆ ಅದರ ಶೇ 2.5ರಷ್ಟು ತೆಗೆದು ಕೊಡೋದು. ಯಾರಿಗೆ ಕೊಡಬೇಕು ಅಂತ ಕುರ್‌ಆನ್ ಎಂಟು ವರ್ಗ ಹೇಳಿದೆ. ಸ್ವಂತ ತಂದೆತಾಯಿಗೆ, ಮಕ್ಕಳಿಗೆ ಕೊಡುವಂತಿಲ್ಲ.

ಫಿತ್ರಾ: ರಂಜಾನ್ ಹಬ್ಬದ ನಮಾಜಿಗೆ ಮುಂಚೆ ತಲೆಗೆ ಇಷ್ಟು ಅಂತ ಕೊಡೋ ಧಾನ್ಯ ಅಥವಾ ಅದರ ಬೆಲೆ. ಹಬ್ಬದ ದಿನ ಯಾರೂ ಹಸಿದಿರಬಾರದು ಅನ್ನೋದೇ ಅದರ ಉದ್ದೇಶ.

ಸದಕಾ: ಯಾವಾಗ ಬೇಕಾದರೂ, ಎಷ್ಟು ಬೇಕಾದರೂ, ಯಾರಿಗೆ ಬೇಕಾದರೂ ಮನಸ್ಸಿಂದ ಕೊಡೋ ದಾನ.

ಕುರ್ಬಾನಿ ಈ ಮೂರರಿಂದಲೂ ಬೇರೆ. ಅದು ಪೂಜೆಯೂ ಹೌದು, ಊಟವೂ ಹೌದು. ಕೊಟ್ಟವನೂ ತಿನ್ನಬಹುದು, ಶ್ರೀಮಂತ ನೆಂಟನೂ ತಿನ್ನಬಹುದು, ಬಡವನೂ ತಿನ್ನಬೇಕು. ಜಕಾತ್‌ನಲ್ಲಿ ಕೊಡೋನು, ತಗೊಳೋನು ಅಂತ ಎರಡು ಸಾಲು ಇರುತ್ತೆ. ಕುರ್ಬಾನಿಯಲ್ಲಿ ಒಂದೇ ಕುರಿ ಎಲ್ಲರ ಮನೆಗೂ ಹೋಗುತ್ತೆ.

ಯಾವ ಪ್ರಾಣಿ? ಹಲ್ಲು ಯಾಕೆ ನೋಡ್ತಾರೆ?

ಸಂತೆಯಲ್ಲಿ ಹೋತದ ಬಾಯಿ ಅಗಲಿಸಿ ಹಲ್ಲು ನೋಡೋದನ್ನ ನೀವು ನೋಡಿರ್ತೀರಿ. ಅದು ವಯಸ್ಸಿನ ಲೆಕ್ಕ. ಹನಫಿಗಳಲ್ಲಿ ಮೇಕೆಗೆ ಕನಿಷ್ಠ ಒಂದು ವರ್ಷ ಆಗಿರಬೇಕು. ಕುರಿಗೂ ಒಂದು ವರ್ಷವೇ, ಆದರೆ ಆರು ತಿಂಗಳು ದಾಟಿದ ಮರಿ ಮೈತುಂಬಿ ಒಂದು ವರ್ಷದ್ದರ ಹಾಗೆ ಕಂಡರೆ ನಡೆಯುತ್ತೆ ಅಂತ ಹನಫಿಗಳು ಹೇಳ್ತಾರೆ. ಹಾಲುಹಲ್ಲು ಬಿದ್ದು ಮುಂದೆ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ ಅನ್ನೋದು ಖಚಿತ. ಅದಕ್ಕೇ ವ್ಯಾಪಾರಿಗಳು "ಎರಡು ಹಲ್ಲಾಗಿದೆ ನೋಡಿ" ಅಂತ ಕೂಗೋದು.

ಕುರುಡು, ನಡೆಯಲಾರದ ಕುಂಟು, ಕಾಯಿಲೆ, ಮೂಳೆ ಚಕ್ಕಳ ಆದ ಪ್ರಾಣಿ ನಡೆಯೋದಿಲ್ಲ. ನಮಗೆ ಬೇಡವಾದದ್ದನ್ನ ದೇವರ ಹೆಸರಲ್ಲಿ ಸಾಗಹಾಕಬಾರದು ಅನ್ನೋದು ಇದರ ಹಿಂದಿನ ಮಾತು.

ಒಂದು ಕುರಿ ಅಥವಾ ಮೇಕೆ ಒಬ್ಬರ ಹೆಸರಿಗೆ. ಇಬ್ಬರು ದುಡ್ಡು ಕೂಡಿಸಿ ಒಂದು ಕುರಿ ತಂದು ಇಬ್ಬರದೂ ಕುರ್ಬಾನಿ ಆಯ್ತು ಅನ್ನುವಂತಿಲ್ಲ. ದೊಡ್ಡ ಪ್ರಾಣಿಯಾದರೆ, ಅಂದ್ರೆ ಎಮ್ಮೆ ಕೋಣದಂಥದ್ದು, ಅರಬ್ಬರಲ್ಲಾದರೆ ಒಂಟೆ, ಏಳು ಜನ ಸೇರಬಹುದು. ಏಳರಲ್ಲಿ ಒಂದು ಪಾಲಿಗೆ ಹಿಸ್ಸಾ ಅಂತಾರೆ. ಹೊಲದ ಪಹಣಿಯಲ್ಲಿ ಹಿಸ್ಸಾ ನಂಬರ್ ಅಂತ ಬರುತ್ತಲ್ಲ, ಅದೇ ಮಾತು.

ಈ ಹಿಸ್ಸಾ ಕಡಿಮೆ ಆದಾಯದವರಿಗೆ ದೊಡ್ಡ ಆಸರೆಯಾಗಿತ್ತು. ಕುರಿಗೆ ಬೇಕಾದಷ್ಟು ದುಡ್ಡಿಲ್ಲದವರೂ ಒಂದು ಹಿಸ್ಸಾ ಹಾಕಿ ಕರ್ತವ್ಯ ಮುಗಿಸ್ತಿದ್ರು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಪ್ರಕಾರ ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ. ಎಮ್ಮೆ, ಕೋಣವಾದರೆ 13 ವರ್ಷ ದಾಟಿರಬೇಕು, ಸಂಬಂಧಪಟ್ಟ ಅಧಿಕಾರಿಯ ಪ್ರಮಾಣಪತ್ರ ಬೇಕು. ಹಾಗಾಗಿ ಇಲ್ಲಿ ಕುರ್ಬಾನಿ ಅಂದ್ರೆ ಹೆಚ್ಚಾಗಿ ಕುರಿ ಮತ್ತು ಮೇಕೆ. ಹಿಸ್ಸಾ ಹಾಕುವವರು ಸಂಸ್ಥೆಗಳ ಮೂಲಕ ಬೇರೆ ರಾಜ್ಯಕ್ಕೆ ದುಡ್ಡು ಕಳಿಸೋದುಂಟು. ಆಗ ಕರ್ತವ್ಯವೇನೋ ಮುಗಿಯುತ್ತೆ, ಆದರೆ ಆ ಮಾಂಸ ನಿಮ್ಮ ಓಣಿಗೆ ಬರೋದಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕುರಿ ಸಾಕಿದವರ ಪಾಲು

ಹಂಚಿಕೆ ಅಂದ ತಕ್ಷಣ ಎಲ್ಲರೂ ಮಾಂಸದಿಂದ ಶುರು ಮಾಡ್ತಾರೆ. ಅದಕ್ಕೂ ಮುಂಚೆ ದುಡ್ಡು ಒಂದು ಕೈ ಬದಲಾಗಿರುತ್ತೆ.

2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ, ಮೇಕೆಗಳು 61 ಲಕ್ಷಕ್ಕೂ ಹೆಚ್ಚು. ಮಂಡ್ಯ, ಮೈಸೂರು ಕಡೆಯ ಬನ್ನೂರು ಕುರಿ, ರಾಯಚೂರು, ಕೊಪ್ಪಳ ಕಡೆಯ ಕೆಂಗುರಿ, ಬಾಗಲಕೋಟೆ ಕಡೆಯ ಯಳಗ, ಬಳ್ಳಾರಿ ಕುರಿ, ಹೀಗೆ ಸೀಮೆಗೊಂದು ತಳಿ. ಇವನ್ನ ಸಾಕೋರು ಕುರುಬರು, ಕಾಡುಗೊಲ್ಲರು, ಮಳೆ ನಂಬಿ ಬದುಕೋ ಸಣ್ಣ ರೈತರು. ಅಮೀನಗಡ, ಶಿರಾದಂಥ ಕಡೆಯ ಕುರಿ ಸಂತೆಗಳಲ್ಲಿ ಬಕ್ರೀದ್ ಮುಂಚಿನ ವಾರಗಳು ಅಂದ್ರೆ ವರ್ಷದ ಸುಗ್ಗಿ. ಬೆಂಗಳೂರಿಗೆ ಬಂದರೆ ಚಾಮರಾಜಪೇಟೆ ಈದ್ಗಾ ಮೈದಾನದ ಸುತ್ತಮುತ್ತ ಎಲ್ಲೆಲ್ಲಿಂದಲೋ ಬಂದ ಟಗರುಗಳ ಸಾಲು.

ಕೊಳ್ಳೋನು ಮುಸ್ಲಿಂ, ಮಾರೋನು ಹೆಚ್ಚಿನ ಸಲ ಹಿಂದೂ. ಐದಾರು ತಿಂಗಳು ಮುಂಚೆಯೇ ಮರಿ ತಂದು, ಜೋಳ, ಹುರುಳಿ, ಹಿಂಡಿ ತಿನ್ನಿಸಿ ಮೇಯಿಸಿರ್ತಾನೆ. ಹಬ್ಬ ಮುಂಗಾರಿನ ಹೊತ್ತಿಗೆ ಬಂದ ವರ್ಷಗಳಲ್ಲಿ ಆ ದುಡ್ಡು ಅವನ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ಮಕ್ಕಳ ಶಾಲೆ ಫೀಸಿಗೆ ಸರಿಯಾದ ವೇಳೆಗೆ ಸಿಗುತ್ತೆ. ಹಾಗಾಗಿ ಸಂತೆಯಲ್ಲಿ ನೂರು ಇನ್ನೂರಕ್ಕೆ ಗಂಟೆಗಟ್ಟಲೆ ಚೌಕಾಶಿ ಮಾಡುವಾಗ ಎದುರಿಗಿರೋನ ಮನೆಯ ಲೆಕ್ಕವೂ ಸ್ವಲ್ಪ ತಲೆಯಲ್ಲಿರಲಿ.

ಮೂರು ಪಾಲಿನ ಲೆಕ್ಕ

ಈಗ ಮುಖ್ಯ ವಿಷಯ. ರೂಢಿಯಲ್ಲಿ ಮಾಂಸವನ್ನ ಮೂರು ಪಾಲು ಮಾಡ್ತಾರೆ. ಒಂದು ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಬಡವರಿಗೆ.

ತಕ್ಕಡಿ ಹಿಡಿದು ಹೀಗೇ ತೂಗಬೇಕು ಅಂತ ಕಡ್ಡಾಯ ಇಲ್ಲ. ಹನಫಿಗಳಲ್ಲಿ ಇದು ಉತ್ತಮ ಪದ್ಧತಿ ಅಂತ ಹೇಳಿದ್ದು. ಮನೆಯಲ್ಲಿ ತಿನ್ನೋ ಬಾಯಿ ಹೆಚ್ಚಿದ್ದು ಸಂಪಾದನೆ ಕಡಿಮೆ ಇದ್ದರೆ ಪೂರ್ತಿ ಮನೆಗೇ ಇಟ್ಟುಕೊಂಡರೂ ತಪ್ಪಿಲ್ಲ. ಪೂರ್ತಿ ದಾನ ಮಾಡಿದರೂ ಸರಿ. ಶಾಫಿಗಳಲ್ಲಿ ಒಂದಿಷ್ಟು ಭಾಗವನ್ನಾದರೂ ಬಡವರಿಗೆ ಹಸಿ ಮಾಂಸವಾಗಿಯೇ ಕೊಡಲೇಬೇಕು. ಬೇಯಿಸಿ ಊಟಕ್ಕೆ ಕರೆದರೆ ಸಾಲದು. ಯಾಕೆ ಅಂದ್ರೆ ಹಸಿ ಮಾಂಸ ಕೊಟ್ಟಾಗ ಅದು ಅವರದಾಗುತ್ತೆ. ಸಾರು ಮಾಡಬೇಕಾ, ಪಲಾವ್ ಮಾಡಬೇಕಾ, ಅರ್ಧ ಮಗಳ ಮನೆಗೆ ಕಳಿಸಬೇಕಾ ಅನ್ನೋದು ಅವರ ಇಷ್ಟ.

ಒಂದು ಅಂದಾಜು ಲೆಕ್ಕ ಹಾಕೋಣ. 30 ಕೆಜಿ ತೂಗೋ ಟಗರು ಅಂತಿಟ್ಟುಕೊಳ್ಳಿ. ಚರ್ಮ, ತಲೆ, ಕಾಲು, ಹೊಟ್ಟೆ ಎಲ್ಲ ತೆಗೆದ ಮೇಲೆ ಮೂಳೆ ಸಮೇತ ಹೆಚ್ಚುಕಡಿಮೆ 15 ಕೆಜಿ ಮಾಂಸ. ಮೂರನೇ ಒಂದು ಪಾಲು 5 ಕೆಜಿ. ಅರ್ಧ ಅರ್ಧ ಕೆಜಿ ಪ್ಯಾಕೆಟ್ ಮಾಡಿದರೆ 10 ಮನೆ. ಒಂದು ಓಣಿಯಲ್ಲಿ 20 ಕುರಿ ಆದರೆ 200 ಪ್ಯಾಕೆಟ್. ಮಟನ್ ಇಷ್ಟು ದುಬಾರಿಯಾಗಿರುವಾಗ, ದಿನಗೂಲಿ ಮನೆಯವರು ತಿಂಗಳುಗಟ್ಟಲೆ ಅದರ ಅಂಗಡಿ ಕಡೆ ತಿರುಗಿ ನೋಡೋದಿಲ್ಲ. ಅವರಿಗೆ ಆ ಅರ್ಧ ಕೆಜಿ ಸಣ್ಣದಲ್ಲ.

ಲೆಕ್ಕದಲ್ಲಿ 200 ಮನೆ. ನಿಜವಾಗಿ ಎಷ್ಟು ಮನೆಗೆ ತಲುಪುತ್ತೆ? ಬಾಗಿಲಿಗೆ ಬಂದು ಕೇಳಿದವರು ಹತ್ತು ಕಡೆ ಕೇಳ್ತಾರೆ, ಹತ್ತು ಪ್ಯಾಕೆಟ್ ಸಿಗುತ್ತೆ. ಅದನ್ನ ತಪ್ಪು ಅನ್ನಲಾರೆ, ಅವರಿಗೂ ಬೇಕು. ಆದರೆ ಬಾಗಿಲಿಗೆ ಬರದವರ ಮನೆಗೆ ಒಂದೂ ಹೋಗೋದಿಲ್ಲ.

ಕೇಳೋರು, ಕೇಳದೋರು

ಕುರ್‌ಆನಿನ ಅದೇ 22ನೇ ಅಧ್ಯಾಯದಲ್ಲಿ, ನೀವೂ ತಿನ್ನಿ, ಇವರಿಗೂ ತಿನ್ನಿಸಿ ಅಂತ ಹೇಳುವಾಗ ಎರಡು ಥರದ ಜನರ ಹೆಸರು ಬರುತ್ತೆ. ಒಬ್ಬ 'ಖಾನಿಅ್', ಇನ್ನೊಬ್ಬ 'ಮುಅ್‌ತರ್'. ಈ ಪದಗಳನ್ನ ವಿದ್ವಾಂಸರು ಬೇರೆ ಬೇರೆ ರೀತಿ ಬಿಡಿಸಿದ್ದಾರೆ. ಹೆಚ್ಚು ಬಳಕೆಯಲ್ಲಿರೋ ಅರ್ಥದ ಪ್ರಕಾರ ಮೊದಲನೆಯವನು ಇದ್ದುದರಲ್ಲೇ ಸುಮ್ಮನಿದ್ದು ಕೈ ಚಾಚದವನು, ಎರಡನೆಯವನು ಎದುರಿಗೆ ಬಂದು ಕೇಳುವವನು. ಇಬ್ಬರಿಗೂ ಕೊಡಿ ಅನ್ನೋದು ಅಲ್ಲಿನ ಮಾತು.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆ. ನಮ್ಮ ಊರಿನ ಮಂಡಕ್ಕಿ ಭಟ್ಟಿಗಳು ನಿಮಗೆ ಗೊತ್ತಿರಬಹುದು. ಆ ಬಿಸಿಯಲ್ಲಿ ನಿಂತು ಮಂಡಕ್ಕಿ ಹುರಿಯೋ ಮನೆಗಳು, ಬೀಡಿ ಕಟ್ಟೋ ಮನೆಗಳು ನಮ್ಮ ಸುತ್ತ ಇದ್ದವು. ನಮ್ಮ ಅಮ್ಮಿಗೆ ಹಬ್ಬದ ದಿನ ಒಂದು ಕಟ್ಟುನಿಟ್ಟು. ಯಾರ ಮನೆಗೇ ಆಗಲಿ ಒಂದೇ ಥರದ ಸ್ಟೀಲ್ ಡಬ್ಬಿ, ಒಂದೇ ಅಳತೆ. ಸೋದರಮಾವನ ಮನೆಗೂ ಅದೇ, ಬೀಡಿ ಕಟ್ಟೋ ಖಾಲಾ ಮನೆಗೂ ಅದೇ. ಮೂಳೆಯೆಲ್ಲ ಒಂದು ಡಬ್ಬಿಗೆ, ತೊಡೆ ಮಾಂಸವೆಲ್ಲ ಇನ್ನೊಂದಕ್ಕೆ ಹಾಕೋ ಹಾಗಿಲ್ಲ. ನಾವು ಮಕ್ಕಳು ಡಬ್ಬಿ ಹಿಡಿದು ಓಣಿಯೆಲ್ಲ ಸುತ್ತಬೇಕು. ನೋಡಿದವರಿಗೆ ಯಾವುದು ನೆಂಟರ ಪಾಲು, ಯಾವುದು ಬಡವರ ಪಾಲು ಅಂತ ಗೊತ್ತಾಗ್ತಿರಲಿಲ್ಲ. ಹೊತ್ತುಕೊಂಡು ಹೋಗ್ತಿದ್ದ ನಮಗೇ ಗೊತ್ತಿರಲಿಲ್ಲ.

ಖಾಲಿ ಡಬ್ಬಿ ವಾಪಸ್ ಕೊಡಬಾರದು ಅನ್ನೋದು ನಮ್ಮ ಕಡೆ ಎಲ್ಲ ಜಾತಿಯವರಲ್ಲೂ ಇರೋ ಪದ್ಧತಿ. ಖಾಲಾ ಆ ಡಬ್ಬಿ ತೊಳೆದು ಒಂದು ಹಿಡಿ ಮಂಡಕ್ಕಿಯೋ, ಸಕ್ಕರೆಯೋ ಹಾಕಿ ಕೊಡೋರು. ಅವರು ದಾನ ತಗೊಂಡಂತೆ ಆಗ್ತಿರಲಿಲ್ಲ, ಎರಡು ಮನೆ ನಡುವಿನ ಕೊಡುಕೊಳ್ಳುವಿಕೆ ಆಗ್ತಿತ್ತು. ಪಕ್ಕದ ಲಿಂಗಾಯತರ ಮನೆಗೆ ಮಾಂಸದ ಬದಲು ಹಣ್ಣು, ಖರ್ಜೂರ ಹೋಗೋದು. ಮಾಂಸ ತಿನ್ನೋ ಅನ್ಯಧರ್ಮೀಯ ನೆರೆಯವರಿಗೆ ಕುರ್ಬಾನಿ ಮಾಂಸ ಕೊಡೋಕೂ ಹನಫಿಗಳಲ್ಲಿ ಅಡ್ಡಿ ಇಲ್ಲ.

ಕೇಳದವರು ಅಂದ್ರೆ ಯಾರು ಅಂತ ಹುಡುಕೋಕೆ ದೂರ ಹೋಗಬೇಕಿಲ್ಲ. ಸಾಲದ ಕಂತು ಕಟ್ಟೋಕೆ ಒದ್ದಾಡ್ತಿರೋ ಆಟೋ ಚಾಲಕ. ಸಂಬಳ ಸರಿಯಾಗಿ ಬರದ ಖಾಸಗಿ ಶಾಲೆ ಮೇಷ್ಟ್ರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಷೀನ್ ಇಟ್ಟುಕೊಂಡವರು. ಐದು ಹೊತ್ತು ಅಜಾನ್ ಕೂಗೋ ಮುಅಜ್ಜಿನ್. ಹಾಸ್ಟೆಲಿನಲ್ಲಿ ಉಳಿದುಕೊಂಡ, ಊರಿಗೆ ಹೋಗೋಕೆ ಟಿಕೆಟ್ ದುಡ್ಡಿಲ್ಲದ ಹುಡುಗ. ಇವರು ಒಗೆದ ಬಟ್ಟೆ ಹಾಕಿರ್ತಾರೆ, ನಗ್ತಾ ಮಾತಾಡ್ತಾರೆ. ನೋಡಿದ್ರೆ ಏನೂ ಗೊತ್ತಾಗಲ್ಲ.

ಫ್ರಿಜ್ ಇದ್ದೋರು, ಇಲ್ಲದೋರು

ಪ್ರವಾದಿ ಮುಹಮ್ಮದರ ಕಾಲದ ಒಂದು ಘಟನೆ ಹದೀಸ್‌ಗಳಲ್ಲಿ ದಾಖಲಾಗಿದೆ. ಒಂದು ವರ್ಷ ಹಬ್ಬದ ಹೊತ್ತಿಗೆ ಮರುಭೂಮಿ ಕಡೆಯಿಂದ ಹಸಿದ ಜನ ಮದೀನಾಕ್ಕೆ ಬಂದರು. ಆಗ ಪ್ರವಾದಿಯವರು ಮೂರು ದಿನಕ್ಕೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನ ದಾನ ಮಾಡಿ ಅಂದರು. ಮುಂದಿನ ವರ್ಷ ಜನ ಅದೇ ನಿಯಮ ಇನ್ನೂ ಇದೆ ಅಂದುಕೊಂಡು ಕೇಳಿದಾಗ, ಅದು ಆ ಬಂದ ಜನರಿಗಾಗಿ ಹೇಳಿದ್ದು, ಈಗ ತಿನ್ನಿ, ಕೂಡಿಡಿ, ದಾನ ಮಾಡಿ ಅಂದರು.

ಅಂದ್ರೆ ಮಾಂಸ ಕೂಡಿಡೋದು ತಪ್ಪಲ್ಲ. ಹಿಂದೆ ನಮ್ಮ ಅಜ್ಜಿಯರು ಉಪ್ಪು, ಅರಿಸಿನ ಹಚ್ಚಿ ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣಹಾಕಿ ತಿಂಗಳುಗಟ್ಟಲೆ ಬಳಸ್ತಿದ್ರು. ಆದರೆ ಎಷ್ಟು ಕೂಡಿಡಬೇಕು ಅನ್ನೋದು ಸುತ್ತಲಿನ ಹಸಿವನ್ನ ನೋಡಿ ಬದಲಾಗಬೇಕು. ಈ ಘಟನೆಯಿಂದ ನನಗೆ ಕಾಣೋದು ಇಷ್ಟೇ.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಮಾಂಸ ಪಡೆಯೋ ಎಷ್ಟೋ ಮನೆಗಳಲ್ಲಿ ಫ್ರಿಜ್ ಇಲ್ಲ. ಹಬ್ಬದ ಮೊದಲ ದಿನ ಮಧ್ಯಾಹ್ನದೊಳಗೆ ಎಲ್ಲರೂ ಕೊಡ್ತಾರೆ, ಒಂದೇ ಮನೆಗೆ ನಾಲ್ಕೈದು ಕೆಜಿ ಬಂದು ಬೀಳುತ್ತೆ. ಸಂಜೆ ಹೊತ್ತಿಗೆ ಬೇಯಿಸಬೇಕು, ಇಲ್ಲ ಕೆಟ್ಟುಹೋಗುತ್ತೆ. ಎರಡನೇ ದಿನ, ಮೂರನೇ ದಿನ ಅದೇ ಮನೆಯಲ್ಲಿ ಮತ್ತೆ ತಿಳಿಸಾರು. ಕುರ್ಬಾನಿಗೆ ಮೂರು ದಿನ ಅವಕಾಶ ಇರುವಾಗ ಓಣಿಯವರು ಮಾತಾಡಿಕೊಂಡು ಕೆಲವರು ಮೊದಲ ದಿನ, ಕೆಲವರು ಎರಡನೇ ದಿನ, ಕೆಲವರು ಮೂರನೇ ದಿನ ಅಂತ ಹಂಚಿಕೊಂಡರೆ ಆ ಮನೆಗೂ ಮೂರು ದಿನ ಹಬ್ಬ. ಅಥವಾ ನಿಮ್ಮ ಫ್ರಿಜ್ಜಿನಲ್ಲಿ ಅವರ ಪಾಲನ್ನೂ ಇಟ್ಟು ಮಾರನೇ ದಿನ ತಲುಪಿಸಿ.

ಇನ್ನೊಂದು, ಬರೀ ಮಾಂಸದಿಂದ ಅಡುಗೆ ಆಗಲ್ಲ. ಎಣ್ಣೆ, ಈರುಳ್ಳಿ, ಅಕ್ಕಿ, ಗ್ಯಾಸ್ ಬೇಕು. ಪ್ಯಾಕೆಟ್ ಜೊತೆ ಒಂದು ಕೆಜಿ ಅಕ್ಕಿ, ಅರ್ಧ ಲೀಟರ್ ಎಣ್ಣೆ, ಸ್ವಲ್ಪ ಮಸಾಲೆ ಇಟ್ಟರೆ ಆ ಮನೆಯಾಕೆ ಹಬ್ಬದ ದಿನ ಅಂಗಡಿಯಲ್ಲಿ ಉದ್ರಿ ಬರೆಸೋದು ತಪ್ಪುತ್ತೆ.

ಚರ್ಮ ಎಲ್ಲಿ ಹೋಯ್ತು?

ಕುರ್ಬಾನಿ ಪ್ರಾಣಿಯ ಯಾವ ಭಾಗವನ್ನೂ ಮಾರಿ ಸ್ವಂತಕ್ಕೆ ದುಡ್ಡು ಮಾಡಿಕೊಳ್ಳುವಂತಿಲ್ಲ. ಕಡಿಯೋ ಕಸಾಯಿಯ ಕೂಲಿಗೂ ಮಾಂಸವನ್ನೋ ಚರ್ಮವನ್ನೋ ಲೆಕ್ಕ ಹಿಡಿಯುವಂತಿಲ್ಲ. ಕೂಲಿ ಕೈಯಿಂದಲೇ ಕೊಡಬೇಕು. ಅದರ ಮೇಲೆ ಅವನಿಗೂ ಪ್ರೀತಿಯಿಂದ ಮಾಂಸ ಕೊಟ್ಟರೆ ಅದು ಬೇರೆ.

ಚರ್ಮವನ್ನ ಸ್ವಂತಕ್ಕೆ ಬಳಸಬಹುದು. ಮಾರಿದರೆ ಆ ದುಡ್ಡು ಜಕಾತ್ ಪಡೆಯೋ ಅರ್ಹತೆ ಇರೋ ಬಡವರಿಗೇ ಹೋಗಬೇಕು. ಹಾಗಾಗಿ ದಶಕಗಳಿಂದ ಮದರಸಾದವರು, ಅನಾಥಾಲಯದವರು ಮನೆಮನೆಗೆ ಬಂದು ಚರ್ಮ ಸಂಗ್ರಹ ಮಾಡಿಕೊಂಡು ಹೋಗ್ತಿದ್ರು. ಅಲ್ಲಿ ಓದೋ ಬಡ ಮಕ್ಕಳ ವರ್ಷದ ಊಟದ ಖರ್ಚಿನ ಒಂದು ಭಾಗ ಅದರಿಂದಲೇ ಹುಟ್ಟುತ್ತಿತ್ತು.

ಕಳೆದ ಹತ್ತು ವರ್ಷಗಳಲ್ಲಿ ಚರ್ಮದ ಬೆಲೆ ನೆಲ ಕಚ್ಚಿದೆ. ಒಂದು ಕಾಲಕ್ಕೆ ನೂರಾರು ರೂಪಾಯಿಗೆ ಹೋಗ್ತಿದ್ದ ಕುರಿ ಚರ್ಮವನ್ನ ಈಗ ಹತ್ತಿಪ್ಪತ್ತು ರೂಪಾಯಿಗೂ ಕೇಳೋರಿಲ್ಲದೆ ಎಷ್ಟೋ ಕಡೆ ಹೂಳ್ತಾರೆ, ಕಸದ ಗಾಡಿಗೆ ಹಾಕ್ತಾರೆ. ಕೃತಕ ಚರ್ಮ ಬಂತು, ಹದ ಮಾಡೋ ಖರ್ಚು ಏರಿತು, ಸಾಗಣೆ ಕಷ್ಟ ಆಯ್ತು. ನಷ್ಟ ಆದದ್ದು ಆ ಮಕ್ಕಳ ಊಟದ ಲೆಕ್ಕಕ್ಕೆ. ಈಗ ಕೆಲವರು ಚರ್ಮದ ಜೊತೆ ಇನ್ನೂರು ಮುನ್ನೂರು ರೂಪಾಯಿ ಸೇರಿಸಿ ಕೊಡ್ತಾರೆ. ನೀವೂ ಹಾಗೆ ಮಾಡಬಹುದು.

ದುಡ್ಡು ಕೊಟ್ಟರೆ ಆಗಲ್ವಾ?

ಶುರುವಿನಲ್ಲಿ ಹೇಳಿದ ಎರಡನೇ ಪ್ರಶ್ನೆಗೆ ಬಂದೆವು. ಹನಫಿ ವಿದ್ವಾಂಸರ ಉತ್ತರ ನೇರವಾಗಿದೆ. ನಿಮ್ಮ ಮೇಲೆ ವಾಜಿಬ್ ಆಗಿರೋ ಕುರ್ಬಾನಿಯನ್ನ ಆ ಮೂರು ದಿನಗಳಲ್ಲಿ ಕೊಡಲೇಬೇಕು, ಅದರ ಬದಲು ದುಡ್ಡು ಕೊಟ್ಟರೆ ಕುರ್ಬಾನಿ ಆಗೋದಿಲ್ಲ. ಯಾವುದೋ ಕಾರಣಕ್ಕೆ ದಿನ ದಾಟಿಹೋದರೆ ಆಗ ಅದರ ಬೆಲೆಯನ್ನ ಬಡವರಿಗೆ ಕೊಡಬೇಕು.

ಆದರೆ ಇಲ್ಲಿಗೇ ಮಾತು ಮುಗಿಯಲ್ಲ. ಒಬ್ಬರ ಮೇಲೆ ಇರೋದು ಒಂದೇ ಕುರಿ. ಕೆಲವರು ಮೂರು, ನಾಲ್ಕು ತರ್ತಾರೆ. ಅವು ಐಚ್ಛಿಕ. ಲಕ್ಷಾಂತರ ರೂಪಾಯಿ ಟಗರು ತಂದು ಮನೆ ಮುಂದೆ ಕಟ್ಟಿ ರೀಲ್ಸ್ ಮಾಡೋರೂ ಇದ್ದಾರೆ. ಅಲ್ಲಿ ಆಯ್ಕೆ ಇದೆ. ಕರ್ತವ್ಯದ ಒಂದು ಕುರಿ ಕೊಟ್ಟು, ಉಳಿದ ದುಡ್ಡನ್ನ ಸದಕಾ ಮಾಡೋಕೆ ಯಾರ ಅಡ್ಡಿಯೂ ಇಲ್ಲ.

2018ರಲ್ಲಿ ಬಕ್ರೀದ್ ಆಗಸ್ಟ್ 22ಕ್ಕೆ ಬಂದಾಗ ಕೊಡಗಿನಲ್ಲಿ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರದಲ್ಲಿದ್ರು, ಕೇರಳ ನೀರಲ್ಲಿ ಮುಳುಗಿತ್ತು. 2019ರಲ್ಲಿ ಆಗಸ್ಟ್ 12ಕ್ಕೆ ಬಂದಾಗ ಬೆಳಗಾವಿ, ಬಾಗಲಕೋಟೆ ಕಡೆ ಪ್ರವಾಹ. 2020ರಲ್ಲಿ ಕೊರೊನಾ. ಅಂಥ ವರ್ಷಗಳಲ್ಲಿ ಎರಡನೇ ಕುರಿಯ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಹೇಳೋಕೆ ಪಾಡ್‌ಕಾಸ್ಟ್ ಬೇಕಾಗಿಲ್ಲ.

ಮೊಬೈಲಿನಲ್ಲಿ ಕುರ್ಬಾನಿ

ಈಗ ಯುಪಿಐ ಮಾಡಿದ್ರೆ ಕುರ್ಬಾನಿ ಆಗುತ್ತೆ. ಇದು ಹೊಸ ವಿಚಾರವೇನಲ್ಲ. ನಿಮ್ಮ ಪರವಾಗಿ ಇನ್ನೊಬ್ಬರು ಕುರ್ಬಾನಿ ಕೊಡೋಕೆ ಧರ್ಮದಲ್ಲಿ ಅವಕಾಶ ಇದ್ದೇ ಇದೆ. ಹಜ್ ವೇಳೆ ಮಿನಾದಲ್ಲಿ ಲಕ್ಷಾಂತರ ಪ್ರಾಣಿಗಳ ಮಾಂಸ ವ್ಯರ್ಥ ಆಗಬಾರದು ಅಂತ ಸೌದಿ ಅರೇಬಿಯಾ 1983ರಲ್ಲೇ ಒಂದು ಯೋಜನೆ ಶುರು ಮಾಡಿತು. ಯಾತ್ರಿಕರು ಕೂಪನ್ ಕೊಳ್ತಾರೆ, ಕಸಾಯಿಖಾನೆಯಲ್ಲಿ ಕುರ್ಬಾನಿ ಆಗುತ್ತೆ, ಮಾಂಸವನ್ನ ಮೆಕ್ಕಾದ ಬಡವರಿಗೆ ಹಂಚಿ, ಉಳಿದದ್ದನ್ನ ಫ್ರೀಜ್ ಮಾಡಿ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಬಡವರಿಗೆ ಕಳಿಸ್ತಾರೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರೋರಿಗೆ, ದುಬೈಯಲ್ಲಿ ಕೆಲಸ ಮಾಡೋ ಭಟ್ಕಳದವರಿಗೆ ಆನ್‌ಲೈನ್ ದಾರಿ ಅನುಕೂಲವೇ. ಆದರೆ ವಾಟ್ಸಾಪಿನಲ್ಲಿ ಬಂದ ಕ್ಯೂಆರ್ ಕೋಡಿಗೆ ದುಡ್ಡು ಹಾಕೋ ಮುಂಚೆ ನಾಲ್ಕು ವಿಷಯ ಕೇಳಿ. ಯಾವ ಊರಿನಲ್ಲಿ ಕುರ್ಬಾನಿ ಆಗುತ್ತೆ? ನನ್ನ ಹೆಸರಲ್ಲಿ ಯಾವ ದಿನ? ಮಾಂಸ ಯಾರಿಗೆ ಹಂಚ್ತೀರಿ? ರಸೀದಿ ಕೊಡ್ತೀರಾ? ಪ್ರಾಣಿಯ ಬೆಲೆ ಸಂತೆಯ ಬೆಲೆಗಿಂತ ಅರ್ಧಕ್ಕರ್ಧ ಕಡಿಮೆ ಇದ್ದರೆ ಅನುಮಾನ ಪಡಿ. ಗೊತ್ತಿರೋ ಸಂಸ್ಥೆ, ಗೊತ್ತಿರೋ ಮಸೀದಿ ಸಮಿತಿ ಇದ್ದರೆ ಅದೇ ಒಳ್ಳೇದು.

ಹಿಸ್ಸಾ ಬಗ್ಗೆ ನೆನಪಿಡಿ ಅಂದಿದ್ದೆನಲ್ಲ, ಅದು ಇಲ್ಲಿಗೆ ಬೇಕು. ಕುರ್ಬಾನಿ ದೂರದ ಊರಿಗೆ ಹೋದಾಗ ಅಲ್ಲಿಯ ಬಡವರಿಗೆ ಅನುಕೂಲ ಆಗುತ್ತೆ, ಸಂತೋಷ. ಆದರೆ ಪ್ರತಿವರ್ಷ ನಿಮ್ಮ ಮನೆಯಿಂದ ಡಬ್ಬಿ ನೋಡ್ತಿದ್ದ ಆ ನಾಲ್ಕು ಮನೆಗೆ ಈ ವರ್ಷ ಏನೂ ಬರಲ್ಲ. ಅವರು ಕೇಳೋರಲ್ಲ, ಹಾಗಾಗಿ ನಿಮಗೆ ಗೊತ್ತೂ ಆಗಲ್ಲ. ಆನ್‌ಲೈನ್ ಕುರ್ಬಾನಿ ಮಾಡಿಸಿದರೂ ಆ ಮನೆಗಳಿಗೆ ಒಂದೊಂದು ಕೆಜಿ ಮಟನ್ ಅಂಗಡಿಯಿಂದಲೇ ತಂದು ಕೊಡಿ.

ಈ ಬಕ್ರೀದಿಗೆ ನೀವು ಮಾಡಬಹುದಾದ್ದು

ಹಬ್ಬಕ್ಕೆ ಒಂದು ವಾರ ಮುಂಚೆ, ಓಣಿಯ ನಾಲ್ಕು ಜನ ಹುಡುಗರು ಕೂತು ಮನೆಗಳ ಪಟ್ಟಿ ಮಾಡಿ. ಹೆಸರು ಪಟ್ಟಿ ಮಾಡೋರ ನಡುವೆಯೇ ಇರಲಿ, ಗ್ರೂಪಿಗೆ ಹಾಕಬೇಡಿ. ಯಾರ ಮನೆಯಲ್ಲಿ ಕಷ್ಟ ಇದೆ ಅಂತ ಓಣಿಯ ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುತ್ತೆ, ಅವರ ಉದ್ರಿ ಪುಸ್ತಕವೇ ಹೇಳುತ್ತೆ. ಮೆಲ್ಲಗೆ ವಿಚಾರಿಸಿ.

ಕೊಡೋದನ್ನ ಮನೆಗೇ ತಲುಪಿಸಿ, ಕ್ಯೂ ನಿಲ್ಲಿಸಬೇಡಿ. ಫೋಟೋ ಬೇಡ, ಸ್ಟೇಟಸ್ ಬೇಡ. ಪ್ಯಾಕೆಟ್ ಹಿಡಿದು ನಿಂತ ತಾಯಿಯ ಮುಖ ಅವರ ಮಗಳ ಕ್ಲಾಸ್‌ಮೇಟ್ ಮೊಬೈಲಿನಲ್ಲಿ ಕಾಣಬಾರದು.

ರಸ್ತೆಯಲ್ಲಿ, ಪಾರ್ಕಿನಲ್ಲಿ, ಶಾಲೆ ಆವರಣದಲ್ಲಿ ಕಡಿಯಬೇಡಿ. ಪಾಲಿಕೆ ಸೂಚಿಸಿದ ಜಾಗ ಬಳಸಿ. ತ್ಯಾಜ್ಯವನ್ನ ಚೀಲಕ್ಕೆ ಕಟ್ಟಿ ಗಾಡಿಗೇ ಕೊಡಿ, ಚರಂಡಿಗೆ ಸುರಿಯಬೇಡಿ. ಮಾರನೇ ದಿನ ಓಣಿ ಗುಡಿಸೋಕೆ ಬರೋ ಪೌರಕಾರ್ಮಿಕರ ಹೆಸರೂ ನಿಮ್ಮ ಪಟ್ಟಿಯಲ್ಲಿರಲಿ. ಹಬ್ಬದ ಹೆಚ್ಚಿನ ಕೆಲಸ ಬೀಳೋದು ಅವರ ಮೇಲೆ. ಮಾಂಸ ತಿನ್ನೋರಾದರೆ ಅವರಿಗೂ ಒಂದು ಪಾಲು ಕೊಡಿ, ತಿನ್ನದೋರಿಗೆ ಹಣ್ಣೋ ಸಿಹಿಯೋ ಕೊಡಿ.

ಕುರ್ಬಾನಿ ಕೊಡೋವಷ್ಟು ಅನುಕೂಲ ನಿಮಗಿನ್ನೂ ಇಲ್ಲ ಅಂದ್ರೆ ಬೇಜಾರು ಬೇಡ. ಗಾಡಿ ಇದ್ದರೆ ಎರಡು ಗಂಟೆ ಹೊತ್ತು ಹತ್ತು ಮನೆಗೆ ಪ್ಯಾಕೆಟ್ ತಲುಪಿಸಿ ಬನ್ನಿ. ಅದಕ್ಕೆ ನಿಸಾಬ್ ಬೇಕಾಗಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಊರಲ್ಲಿ ಮೂರನೇ ಪಾಲನ್ನ ಹೇಗೆ ಹಂಚ್ತಾರೆ, ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಬೀದರಿನಿಂದ, ಉಳ್ಳಾಲದಿಂದ, ಚನ್ನಪಟ್ಟಣದಿಂದ, ಎಲ್ಲಿಂದಾದರೂ ಸರಿ. ಒಳ್ಳೊಳ್ಳೆ ಪದ್ಧತಿಗಳಿದ್ದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಕೇಳಿಸೋಣ. ಸಂಚಿಕೆ ಇಷ್ಟ ಆದರೆ ಗೆಳೆಯರಿಗೂ ಕಳಿಸಿ.